ಮೀನಿನ ವಾಸನೆಗೆ ಸಾಕ್ಷಿ ಯಾರು?

ಮೀನು ತಿನ್ನುವವರೇ ಸೇರಿಕೊಂಡು, ಮೀನು ಬೇಯಿಸಿದ ಎಂದು ಒಬ್ಬ ವಿದ್ಯಾರ್ಥಿಯ ಕೋಣೆ ಬಿಡಿಸಲು ಅರ್ಜಿ ಬರೆದರು. ಇದು ತಪ್ಪು. ಇದಕ್ಕೆ ಬೇರೆ ಹೆಸರಿಟ್ಟು ಮೆತ್ತಗೆ ಮಾಡಲು ನನಗೆ ಬರುವುದಿಲ್ಲ. ೧೯೮೦ರ ಸುಮಾರಿಗೆ, ಪುಣೆಯ ಹತ್ತಿರದ ಚಿಂಚವಾಡದಲ್ಲಿ, ನಾನಿದ್ದ ಬಾಡಿಗೆ ಕೋಣೆಗಳ ಚಾಳಿನಲ್ಲಿ ನಡೆದದ್ದು. ನಾವು ಹೆಚ್ಚಿನವರು ಕಲಬುರ್ಗಿ, ವಿಜಾಪುರ, ಧಾರವಾಡದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಇಂಥ ಕಪಟ ಒಮ್ಮೆ ನಡೆದಿದ್ದರೆ ಮರೆತುಬಿಡುತ್ತಿದ್ದೆ. ಆದರೆ ನಮ್ಮ ಚಾಳಿನಲ್ಲಿ ನಲ್ಲಿಗೆ ನೀರು ಬಾರದ ದಿನ ಇತ್ತು, ಇಂಥದ್ದು ನಡೆಯದ ದಿನ ಇರಲಿಲ್ಲ.

೧. ಭಾನುವಾರದ ಭಕ್ತಿ

ಚಾಳಿನ ಮಾಲಕ ಮರಾಠಿಯವ. ನಮ್ಮ ನಡುವೆ ಇದ್ದು ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ಮರಾಠಿ. ತಾನು ಶುದ್ಧ ಸಸ್ಯಾಹಾರಿ ಎಂದು ಕೇಳದವರಿಗೂ ಹೇಳುತ್ತಿದ್ದ. ಕೋಣೆ ಕೇಳಲು ಹೋದವರಿಗೆಲ್ಲ ಅವನದು ಒಂದೇ ಪ್ರಶ್ನೆ: "ಮಾಸೇ ಖಾತಾ ಕಾ?" ಮೀನು ತಿನ್ನುತ್ತೀರೇನು?

ನಮ್ಮದು ಭೀಮಾ ನದಿಯ ದಂಡೆ. ನಮ್ಮಜ್ಜ ಬಲೆ ಹೆಣೆದು ಬದುಕಿದವ. ಹಲ್ಲು ಬರುವ ಮೊದಲೇ ನನ್ನ ಬಾಯಿಗೆ ಮೀನಿನ ಸಾರು ಬಿದ್ದಿತ್ತು. ಆದರೂ ನಾನು, ಯೂನಿಯನ್ ಲೀಡರ್ ಎಂದು ಕಾರ್ಖಾನೆಯ ಗೇಟಿನ ಮುಂದೆ ನಿಂತು ಸತ್ಯ, ನ್ಯಾಯ ಎಂದು ಗಂಟಲು ಹರಿದುಕೊಳ್ಳುವವನು, ಕೈ ಕಟ್ಟಿಕೊಂಡು "ನಾಹೀ ಸಾಹೇಬ" ಅಂದೆ. ಚಾಳಿನ ಎಲ್ಲರೂ ಹಾಗೇ ಅಂದು ಒಳಗೆ ಬಂದವರು.

ಅಂದಮೇಲೆ ಮೀನು ಬೇಯುವಾಗ ವಾಸನೆ ಮುಚ್ಚಬೇಕಲ್ಲ? ಭಾನುವಾರ ಹನ್ನೊಂದು ಗಂಟೆಗೆ ಎಲ್ಲ ಮನೆಯ ಕಿಟಕಿ ಮುಚ್ಚುತ್ತಿದ್ದವು. ಬಾಗಿಲ ಸಂದಿಯಿಂದ ಊದಿನಕಡ್ಡಿಯ ಹೊಗೆ, ಲೋಬಾನದ ಹೊಗೆ. ಆ ಹೊತ್ತಿನಲ್ಲಿ ನಮ್ಮ ಚಾಳಿನಲ್ಲಿದ್ದಷ್ಟು ಭಕ್ತಿ ಆಳಂದಿಯ ಗುಡಿಯಲ್ಲೂ ಇರಲಿಲ್ಲ.

೨. ಹೌದು ಅಂದವ

ನೈಜೀರಿಯಾದಿಂದ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬ ನಮ್ಮ ಪಕ್ಕದ ಖಾಲಿ ಕೋಣೆ ಕೇಳಲು ಬಂದ. ದಿನಾ ಲೋಕಲ್ ರೈಲು ಹಿಡಿದು ಪುಣೆಯ ಕಾಲೇಜಿಗೆ ಹೋಗುವವ. ಎತ್ತರದ ಆಳು, ಮೆಲುಮಾತು, ಹಿಂದಿ ಅಷ್ಟಿಷ್ಟು ಕಲಿತಿದ್ದ. ಬಾಡಿಗೆ ಕೊಡಲು ಹೋಗಿದ್ದ ನಾನೂ ಅಲ್ಲೇ ನಿಂತಿದ್ದೆ. ಮಾಲಕ ತನ್ನ ಪ್ರಶ್ನೆ ಕೇಳಿದ.

"ಹೌದು, ತಿಂತೀನಿ," ಅಂದ ಅವನು. "ಇಲ್ಲಿ ಒಳ್ಳೆ ಮೀನು ಎಲ್ಲಿ ಸಿಗುತ್ತೆ?"

ಮಾಲಕ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಷ್ಟು ವರ್ಷ ಎಲ್ಲರೂ ಇಲ್ಲ ಅಂದವರೇ. ಹೌದು ಅಂದವನಿಗೆ ಏನು ಹೇಳಬೇಕೆಂಬುದನ್ನು ಆ ಮನುಷ್ಯ ಕಲಿತೇ ಇರಲಿಲ್ಲ. ಗಾಬರಿಯಲ್ಲಿ ಕೀಲಿಕೈ ಕೊಟ್ಟುಬಿಟ್ಟ.

೩. ಖಾರದ ಕುಲದವರು

ಆ ಹುಡುಗ ವಾರಕ್ಕೊಮ್ಮೆ ತನ್ನ ಊರಿನ ಮೀನಿನ ಸಾರು ಮಾಡುತ್ತಿದ್ದ. ಎಣ್ಣೆಯಿಲ್ಲ, ಕೊಬ್ಬರಿಯಿಲ್ಲ, ಹುಣಸೆಯಿಲ್ಲ. ಮೀನಿನ ತುಂಡು, ಉಳ್ಳಾಗಡ್ಡಿ, ಶುಂಠಿ, ಮೆಣಸಿನಕಾಯಿ, ಊರಿಂದ ತಂದ ಜಾಜಿಕಾಯಿಯಂಥ ಒಂದು ಬೀಜದ ಪುಡಿ, ಮೇಲೆ ತುಂಬ ನೀರು. ಅದು ಕುದಿಯುವುದನ್ನು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಒಗ್ಗರಣಿ ಇಲ್ಲದ ಸಾರು, ಮದುವಿ ಇಲ್ಲದ ಸಂಸಾರ," ಅಂದಳು. ಆದರೆ ಒಂದು ಬಟ್ಟಲು ಇಸಿದುಕೊಂಡು ಬಂದಳು. ಕುಡಿದು ಅರ್ಧ ತಾಸು ಮಾತಾಡಲಿಲ್ಲ. ನಮ್ಮ ಸಂಸಾರದಲ್ಲಿ ಅಂಥ ಶಾಂತಿ ಅದೇ ಮೊದಲು.

ಕೆಳಗಿನ ಮನೆಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬ. "ಖಾರ ಅಂದ್ರ ನಾವು. ಈ ಪುಣೇಕರರು ಸಕ್ಕರಿ ಹಾಕ್ಕೊಂಡು ತಿನ್ನೋ ಮಂದಿ," ಎಂದು ಎದೆ ತಟ್ಟುವವ. ಒಂದು ದಿನ ಹುಡುಗನನ್ನು ತಾನೇ ಕರೆದು ಬ್ಯಾಡಗಿ ಮೆಣಸಿನಕಾಯಿ ಕೊಟ್ಟ. "ಜ್ವಾಕಿಪಾ, ಎರಡs ಹಾಕು. ಸತ್ತಗಿತ್ತೀಯಾ."

ಮರುದಿನ ಹುಡುಗ ಬಂದು ಬಹಳ ವಿನಯದಿಂದ ಹೇಳಿದ, "ಅಣ್ಣಾ, ಇಪ್ಪತ್ತು ಹಾಕಿದೆ. ಬಣ್ಣ ಬಹಳ ಚೆನ್ನಾಗಿ ಬಂತು. ಈಗ ಮೆಣಸಿನಕಾಯಿ ಕೊಡು."

ವ್ಯಾಪಾರಿ ಅಂದಿನಿಂದ ಅವನ ವೈರಿ. ತನ್ನ ಹೆಂಡತಿಯನ್ನು ಹುಡುಗ ಬೈದಿದ್ದರೂ ಅವನು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

೪. ಸೆಕ್ರೆಟರಿಯ ಬೆಕ್ಕು

ಚಾಳಿಗೊಂದು ಕಮಿಟಿ, ಕಮಿಟಿಗೊಬ್ಬ ಸೆಕ್ರೆಟರಿ. ಯಾವುದೋ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ಒಮ್ಮೆ ನಾನೂ ಹುಡುಗನೂ ಪುಣೆ ಕ್ಯಾಂಪಿನ ಮೀನಿನ ಮಾರ್ಕೆಟ್ಟಿಗೆ ಹೋಗಿದ್ದೆವು. ಅಲ್ಲಿ ಸೆಕ್ರೆಟರಿ ಬಗ್ಗಿ ಒಂದು ಪಾಪ್ಲೇಟ್ ಮೀನಿನ ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತಿದ್ದ. ನಮ್ಮನ್ನು ಕಂಡವನೇ ನೆಟ್ಟಗಾದ.

"ಬೆಕ್ಕಿಗ್ರಿ," ಅಂದ. "ಮನ್ಯಾಗ ಬೆಕ್ಕು ಅದ. ಹಟ ಮಾಡತದ."

ಬೆಕ್ಕಿಗೆ ಅಂಗೈಯಗಲದ ನಾಲ್ಕು ಪಾಪ್ಲೇಟು ಕಟ್ಟಿಸಿಕೊಂಡ. ಹೋಗುವಾಗ ಮೀನಿನವಳಿಗೆ, "ತಲಿ ತಗೀಬ್ಯಾಡ, ತಲಿ ಸಾರಿಗೆ ಬೇಕು," ಎಂದೂ ಹೇಳಿದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಅಂದಳು, "ಖರೇನ ಅದ. ಆ ಬೆಕ್ಕಿಗೆ ಕನ್ನಡಕ ಹಾಕಿ ಸೆಕ್ರೆಟರಿ ಮಾಡ್ಯಾರ."

೫. ಅರ್ಜಿ

ಕೆಲವು ವಾರದಲ್ಲೇ ಅದೇ ಸೆಕ್ರೆಟರಿ ಅರ್ಜಿ ಹಿಡಿದು ನನ್ನ ಬಾಗಿಲಿಗೆ ಬಂದ. ಹುಡುಗ ಮೀನು ಬೇಯಿಸುತ್ತಾನೆ, ವಾಸನೆಯಿಂದ ಸಭ್ಯರು ಬಾಳುವುದು ಕಷ್ಟ, ಕೂಡಲೇ ಕೋಣೆ ಬಿಡಿಸಬೇಕು. ಹುಡುಗನ ಪರೀಕ್ಷೆಗೆ ಒಂದೇ ತಿಂಗಳಿತ್ತು. ಕರಿಯ ವಿದ್ಯಾರ್ಥಿಗೆ ಬೇರೆ ಕೋಣೆ ಯಾರೂ ಸುಲಭಕ್ಕೆ ಕೊಡುತ್ತಿರಲಿಲ್ಲ. ಬಿಡಿಸಿದರೆ ಅವನ ವರ್ಷ ಹೋದಂತೆಯೇ.

ಹಾಳೆಯ ತುಂಬ ಸಹಿ. ಒಬ್ಬೊಬ್ಬರ ಅಡುಗೆಮನೆಯೂ ನನಗೆ ಗೊತ್ತು. ಸಹಿ ಮಾಡದಿದ್ದರೆ ಇವನೂ ತಿನ್ನುವವ ಎಂದು ಅನುಮಾನ ಬಂದೀತೆಂದು ಹೆದರಿ ಮಾಡಿದ ಸಹಿಗಳು. ತಿನ್ನದೆ ಸಹಿ ಮಾಡಿದವರು ಒಬ್ಬರೂ ಇರಲಿಲ್ಲ.

"ನೀವೂ ಒಂದು ಹಾಕ್ರಿ. ನಿಮ್ಮಂಥ ಲೀಡರ್ ಹಾಕಿದ್ರ ವಜನ ಬರತದ," ಅಂದ.

ಬೇಡ ಅಂದರೆ ಯಾಕೆ ಅನ್ನುತ್ತಾನೆ. ಯಾಕೆ ಎಂದು ಹೇಳಿದರೆ ನನ್ನ "ನಾಹೀ ಸಾಹೇಬ" ಬಯಲಾಗುತ್ತದೆ, ನನ್ನ ಕೋಣೆಯೂ ಹೋಗುತ್ತದೆ. "ಭಾನುವಾರ ಮೀಟಿಂಗಿನಾಗ ನೋಡೋಣ," ಎಂದು ಕಳಿಸಿದೆ.

ಒಳಗಿಂದ ಹೆಂಡತಿ ಕೇಳಿದಳು, "ಏನ್ರೀ, ನಿಮ್ಮ ಧ್ವನಿ ಗೇಟಿನ ಮುಂದs ಬಿಟ್ಟು ಬರತೀರೇನು?"

೬. ಸಾಕ್ಷಿ

ಭಾನುವಾರ ಹನ್ನೊಂದಕ್ಕೆ ಅಂಗಳದಲ್ಲಿ ಮೀಟಿಂಗು. ಕುರ್ಚಿಯಲ್ಲಿ ಮಾಲಕ, ಕೈಯಲ್ಲಿ ಅರ್ಜಿ. ಹುಡುಗ ಮೇಲೆ ತನ್ನ ಕೋಣೆಯಲ್ಲಿ ಬಾಗಿಲು ತೆರೆದು ಅದೇ ಸಾರು ಕುದಿಸುತ್ತಿದ್ದ. ಮುಚ್ಚಿ ಬೇಯಿಸಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಮೀನಿನ ವಾಸನೆ ಯಾರ‍್ಯಾರಿಗೆ ಬಂತು?" ಎಂದು ಮಾಲಕ ಕೇಳಿದ. ಎಲ್ಲ ಕೈ ಮೇಲೆ.

ನಾನು ಎದ್ದೆ. "ಅದು ಮೀನಿಂದs ವಾಸನಿ ಅಂತ ನಿಮಗ ಹೆಂಗ ಗೊತ್ತು? ನಾನು ಭೀಮಾ ದಂಡಿಯವ, ಹುಟ್ಟಿದಾಗಿಂದ ತಿಂದೀನಿ, ನನಗ ಗೊತ್ತು. ಮಾಲಕರ ಮುಂದ ಸುಳ್ಳು ಹೇಳಿ ಕೋಣೆ ಹಿಡಿದೀನಿ. ನೀವು ತಿನ್ನದ ಮಂದಿ. ನಿಮಗ ಯಾರು ಹೇಳಿಕೊಟ್ರು?"

ಒಂದೊಂದೇ ಕೈ ಕೆಳಗಿಳಿದವು.

"ಅದು ಮೂಲಂಗಿಯಿದ್ದರೂ ಇರಬಹುದು," ಎಂದ ಮೆಣಸಿನಕಾಯಿ ವ್ಯಾಪಾರಿ.

ಸೆಕ್ರೆಟರಿಗೆ ಅರ್ಜಿ ಕೈ ತಪ್ಪುವುದು ಕಂಡಿತು. ಮೂಗೆತ್ತಿ ಎಳೆದು, "ಮೂಲಂಗಿ ಯಾತರದು? ಮೀಸಿ ಮೀನದು. ಅದೂ ನಿನ್ನೀದು, ಹಳಸ್ಯಾದ!" ಅಂದುಬಿಟ್ಟ.

"ಹಳಸಿಲ್ಲ," ಅಂದರು ಯಾರೋ. "ಮೀಸೆ ಮೀನು ಹಾಗೇ ನಾರುವುದು. ಉಪ್ಪು, ಅರಿಸಿನ ಹಚ್ಚಿ ಎರಡು ಸಲ ತೊಳೆದರೆ ಹೋಗುತ್ತದೆ."

ಮಾತು ಬಂದದ್ದು ಕುರ್ಚಿಯಿಂದ. ಮರಾಠಿಯಲ್ಲಿ.

ಮಾಲಕ ಅರ್ಜಿಯಿಂದ ಗಾಳಿ ಹಾಕಿಕೊಳ್ಳತೊಡಗಿದ. ನನ್ನ ಹೆಂಡತಿ ಮಾತ್ರ ಹೊತ್ತು ಕಳೆಯಲಿಲ್ಲ. ಮೇಲೆ ಹೋಗಿ ಒಂದು ಬಟ್ಟಲು ಸಾರು ತಂದು ಅವನ ಕೈಗಿಟ್ಟಳು. "ತೊಳದಾನೋ ಇಲ್ಲೋ, ನೀವs ನೋಡಿ ಹೇಳ್ರಿ ಸಾಹೇಬ್ರ. ನಿಮ್ಮಷ್ಟು ತಿಳದವ್ರು ಇಲ್ಲಿ ಯಾರಿಲ್ಲ."

ಮಾಲಕ ಅತ್ತಿತ್ತ ನೋಡಿ ಒಂದು ಗುಟುಕು ಕುಡಿದ. ಎರಡನೆಯದು ತಾನಾಗಿಯೇ ಕುಡಿದ. ಆಮೇಲೆ ಕಿವಿ ಕೆಂಪಾದವು, ಕಣ್ಣಲ್ಲಿ ನೀರು, ಮೂಗಲ್ಲಿ ನೀರು. "ಸಾಹೇಬ, ನಿರ್ಣಯ?" ಎಂದು ಸೆಕ್ರೆಟರಿ ಕೇಳಿದರೆ "ಹಾ, ಹಾ" ಅನ್ನುವುದು ಬಿಟ್ಟು ಮಾತೇ ಹೊರಡಲೊಲ್ಲದು. ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಅರ್ಜಿಯೊಂದೇ. ಸಭ್ಯರ ಸಹಿಯೆಲ್ಲ ಅದರಲ್ಲಿ ಕಲಸಿಹೋಯಿತು.

ಮೇಲಿನಿಂದ ಹುಡುಗ ಬಗ್ಗಿ ನನ್ನ ಹೆಂಡತಿಯನ್ನು ಕೇಳಿದ, "ವೈನಿ, ಅವರಿಗೆ ಖಾರ ಕಮ್ಮಿ ಆಯಿತೇನು? ಅಳ್ತಾ ಇದ್ದಾರೆ."

ಹುಡುಗ ಅಲ್ಲೇ ಉಳಿದ, ಪರೀಕ್ಷೆ ಬರೆದ, ಪಾಸಾದ. ನನ್ನನ್ನೂ ಮಾಲಕ ಬಿಡಿಸಲಿಲ್ಲ. ಬಿಡಿಸಲು ಅವನಿಗೆ ಯಾವ ಬಾಯಿ? ಆದರೆ ಮುಂದಿನ ಭಾನುವಾರ ಹನ್ನೊಂದಕ್ಕೆ ನೋಡಿದರೆ ನನ್ನದೊಂದು, ಹುಡುಗನದೊಂದು ಕಿಟಕಿ ಬಿಟ್ಟು ಉಳಿದವೆಲ್ಲ ಮುಚ್ಚಿದ್ದವು. ಅದೇ ಊದಿನಕಡ್ಡಿ, ಅದೇ ಲೋಬಾನ.

ಓದಿ ನಗುತ್ತಿರುವವರೇ, ನಿಮ್ಮ ಮನೆಯ ಊದಿನಕಡ್ಡಿಯ ವಾಸನೆ ನನಗೆ ಇಲ್ಲಿಗೇ ಬರುತ್ತಿದೆ. ಇಂಥ ಅರ್ಜಿ ನಿಮ್ಮ ಬಾಗಿಲಿಗೆ ಬಂದರೆ ಸಹಿ ಮಾಡಬೇಡಿ. ತಂದವನ ಬೆಕ್ಕು ಹೇಗಿದೆ ಎಂದು ಕೇಳಿರಿ. ಬರುವ ಭಾನುವಾರ, ಹನ್ನೊಂದು ಗಂಟೆಗೆ, ಎದ್ದು ಕಿಟಕಿ ತೆಗೆಯಿರಿ.