ಕಷಾಯ ಎಂದು ನಾನು ಕೊಟ್ಟ ತೀರ್ಪು

ಕುಡಿದ ಮೇಲೆ ಹೆಚ್ಚು ಮಾತಾಡುವವರನ್ನು ಕ್ಷಮಿಸಬಹುದು. ಕುಡಿಯುವ ಮೊದಲೇ ಮಾತಾಡುವವರಿಗೆ ಮಾತ್ರ ಯಾವ ಲೋಕದಲ್ಲೂ ಕ್ಷಮೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಹೆಂಡತಿಯ ತಮ್ಮ ಸುಂದರ ಈ ಎರಡನೆಯ ಜಾತಿಯವನು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ವಿದೇಶದ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಈಚೆಗೆ ಯುರೋಪಿಗೆ ಹೋದವನು ಒಂದು ಬಾಟಲಿ ಕೆಂಪು ವೈನನ್ನೂ, ಬಾಟಲಿಗೆ ಹಿಡಿಸಲಾರದಷ್ಟು ಜ್ಞಾನವನ್ನೂ ಹೊತ್ತು ತಂದ. ನಾನು ದಾವಣಗೆರೆ ಕಡೆಯವನು, ಪೆರಿಯನಾಯಕನಪಾಳ್ಯದ ಮಿಲ್ಲಿನಲ್ಲಿ ನೌಕರ. ಹೆಂಡತಿಯ ತವರು ಅವಿನಾಶಿ. ಎರಡೂ ಕಡೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಭಾನುವಾರದ ಊಟಕ್ಕೆ ಬನ್ನಿ ಎಂದು ಕರೆದ ಸುಂದರ ವಾರವಿಡೀ ಫೋನಿನಲ್ಲಿ ನನಗೆ ಪಾಠ ಮಾಡಿದ. "ಬಾವಾ, ಇದು ಸಾದಾ ವೈನ್ ಇಲ್ಲ. ಒಳ್ಳೆ ಬಾಡಿ ಇದೆ." ನಮ್ಮ ಕಡೆ ಬಾಡಿ ಇರುವುದು ಲಾರಿಗೆ, ಇಲ್ಲವೇ ಆಸ್ಪತ್ರೆಯ ಹಿಂಬಾಗಿಲಲ್ಲಿ. ಇನ್ನೊಂದು ದಿನ ಟ್ಯಾನಿನ್ ಬಗ್ಗೆ ಹೇಳಿದ. ವಿಚಾರಿಸಿ ನೋಡಿದರೆ ಅದು ನಮ್ಮ ಒಗರು! ಕಾಯಿ ನೇರಳೆ ಕಚ್ಚಿದ ಮಕ್ಕಳಿಗೆಲ್ಲ ಗೊತ್ತಿರುವ ಒಗರು. ಆ ಮಕ್ಕಳು ಥೂ ಎಂದು ಉಗಿದು ಓಡುತ್ತವೆ, ಉಪನ್ಯಾಸ ಕೊಡುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆದರೆ ಸುಂದರನ ಜ್ಞಾನ ಅಡುಗೆಮನೆಗೆ ನುಗ್ಗಿತು. ಇಂಥ ಗಡಸು ವೈನಿಗೆ ಕೊಬ್ಬಿರುವ ಮಟನ್ನೇ ಜೋಡಿ, ಮೀನು ಸೇರದು, ಖಾರವಂತೂ ಶತ್ರು, ಆದ್ದರಿಂದ ಮೆಣಸಿನಕಾಯಿ ಹಾಕಲೇ ಕೂಡದು ಎಂದು ತಾಯಿಗೆ ಅಪ್ಪಣೆ ಮಾಡಿದ. ನಮ್ಮ ಅತ್ತೆ ಒಣಮೆಣಸಿನಕಾಯಿ, ಕೊಬ್ಬರಿ ಚೂರು ಹಾಕಿ ಹುರಿಯುವ ಕೋಳಿಗೆ ಇಡೀ ಬೀದಿಯಲ್ಲಿ ಹೆಸರಾದವರು. ನಾವು ಹೋಗಿ ಇಳಿದಾಗ ಅವರು ಸೆರಗಿನಲ್ಲಿ ಮೂಗು ಒರೆಸುತ್ತ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಒಲೆ ಹಚ್ಚಿರಲಿಲ್ಲ.

"ನೀವೇ ಹೇಳಿ ಮಾಪ್ಳೆ," ಎಂದರು. ಅಳಿಯನನ್ನು ಅವರು ಕರೆಯುವುದೇ ಹಾಗೆ. "ಕಾರ ಇಲ್ದೆ ಸಮೈಯಲಾ, ಅದೂ ಒಂದು ಅಡಿಗೇನಾ? ಜ್ವರ ಬಂದೋರಿಗಾ ನಾನು ಅಟ್ಟು ಹಾಕೋದು? ಇಷ್ಟ್ ಕಾಲ ನನ್ ಕೈಯಲ್ಲಿ ಉಂಡು ಬೆಳ್ದೋನು, ಒಂದು ಸೀಸೆಗೋಸ್ಕರ ನನ್ ಕೈನೇ ಬೇಡ ಅಂತಾನೆ."

ಅವರ ದನಿ ಒಡೆದದ್ದು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. "ಅತ್ತೆ, ನೀವು ಕೋಳಿ ಮಾಡಿ. ನಾನು ಅದನ್ನೇ ತಿನ್ನುತ್ತೇನೆ. ಆ ಸೀಸೆಯಲ್ಲಿ ಇರುವುದು ಕಷಾಯ," ಎಂದೆ. ಅವರು ಎದ್ದರು. ಮಗನಿಗೆ ಮಟನ್ನು, ನನಗೆ ಕೋಳಿ, ಎರಡೂ ಆದವು.

ಸುಂದರ ಉದ್ದ ಕಾಲಿನ ಗ್ಲಾಸುಗಳಿಗೆ ವೈನ್ ಸುರಿದು, ಗಿರಗಿರನೆ ತಿರುಗಿಸಿ, ಮೂಗನ್ನು ಒಳಗೆ ಇಳಿಬಿಟ್ಟ. ಒಣಗಿದ ಹಣ್ಣು, ಹೊಗೆಸೊಪ್ಪು, ಚರ್ಮ, ಎಲ್ಲದರ ವಾಸನೆ ಇದೆಯಂತೆ. ಚರ್ಮದ ವಾಸನೆಯೇ ಬೇಕಿದ್ದರೆ ಚಪ್ಪಲಿ ಬಿಟ್ಟ ಜಾಗದಲ್ಲೇ ಎಲೆ ಹಾಕಬಹುದಿತ್ತು. ಅವನ ಶಾಸ್ತ್ರ ಸುಳ್ಳೆಂದು ತೋರಿಸಲು ನಾನು ಕೋಳಿಯ ತುಂಡೊಂದನ್ನು ಅಗಿದು, ಅದರ ಮೇಲೆ ಒಂದು ಗುಟುಕು ವೈನ್ ಏರಿಸಿದೆ. ಬಾಯಿಗೆ ಬೆಂಕಿ ಬಿತ್ತು. ಕಿವಿಯಿಂದ ಹೊಗೆ ಬರುವುದೊಂದು ಬಾಕಿ. "ನಾನ್ ಹೇಳಿದ್ದೂ ಅದೇ ತಾನೇ ಬಾವಾ," ಎಂದ ಸುಂದರ, ಬಹಳ ಮೃದುವಾಗಿ. ಶತ್ರುವಿನ ಮೃದುತ್ವಕ್ಕಿಂತ ದೊಡ್ಡ ಅವಮಾನ ಬೇರೊಂದಿಲ್ಲ.

ಉರಿ ತಣಿಯಲೆಂದು ಹೆಂಡತಿ ನನ್ನ ಎಲೆಗೆ ಮಟನ್ ಬಡಿಸಿದಳು. ತಿಂದೆ. ಸೋತವನ ಹಟದಲ್ಲಿ ಮತ್ತೊಂದು ಗುಟುಕು ಕುಡಿದೆ. ಏನು ಹೇಳಲಿ? ಒಗರು ಕೊಬ್ಬಿನಲ್ಲಿ ಕರಗಿತು, ಮಾಂಸ ಇನ್ನೂ ಮೆತ್ತಗಾಯಿತು, ಗಂಟಲಲ್ಲಿ ಬೆಚ್ಚಗೆ ಏನೋ ಹಣ್ಣಾದಂತಾಯಿತು. ಹಾಳಾದವನು ಹೇಳಿದ್ದು ಅಕ್ಷರಶಃ ನಿಜ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಸೌಟು, ಕಣ್ಣು ನನ್ನ ಮುಖದ ಮೇಲೆ.

"ಹೆಂಗಿದೆ ಮಾಪ್ಳೆ?"

"ಬರೀ ಕಷಾಯ ಅತ್ತೆ," ಎಂದೆ.

ಅವರ ಮುಖ ದೀಪದಂತೆ ಬೆಳಗಿತು. ಸುಂದರ ನನ್ನ ಗ್ಲಾಸನ್ನು ಎತ್ತಿಕೊಂಡು ಉಳಿದದ್ದನ್ನು ತಾನೇ ಕುಡಿದ, ಮಟನ್ನಿನ ಜೊತೆಗೆ, ಕಣ್ಣು ಮುಚ್ಚಿಕೊಂಡು. ಅತ್ತೆ ನನ್ನ ಎಲೆಗೆ ಕೋಳಿಯ ಮೇಲೆ ಕೋಳಿ ಸುರಿದರು. ಮನೆಗೆ ಮರಳುವ ಬಸ್ಸಿನಲ್ಲಿ ಹೆಂಡತಿ, "ಕಷಾಯ ಕುಡಿದೋರು ತುಟಿ ನೆಕ್ಕೋದು ನಾನ್ ಇವತ್ತೇ ನೋಡಿದ್ದು," ಎಂದಳು. ನಾನು ಕಿಟಕಿಯಾಚೆ ತೆಂಗಿನ ಮರಗಳನ್ನು ಆಸಕ್ತಿಯಿಂದ ನೋಡಿದೆ.

"ನಮ್ ಮಾಪ್ಳೆ ಅದನ್ನೆಲ್ಲ ಮುಟ್ಟೋರಲ್ಲ" ಎಂದು ಅತ್ತೆ ಈಗ ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಸುಂದರ ಬಾಟಲಿ ತಂದಾಗಲೆಲ್ಲ ನನ್ನ ಮುಂದೆ ಗೌರವಪೂರ್ವಕವಾಗಿ ಒಂದು ದೊಡ್ಡ ಲೋಟ ಮಜ್ಜಿಗೆ ಬಂದು ಕೂರುತ್ತದೆ. ಆ ಮನೆಯಲ್ಲಿ ನಾನೊಬ್ಬ ತತ್ವನಿಷ್ಠ. ತತ್ವದ ಮೇಲೆ ಕರಿಬೇವು ತೇಲುತ್ತಿರುತ್ತದೆ. ಊದಿ ಪಕ್ಕಕ್ಕೆ ಸರಿಸಿ ಕುಡಿಯುತ್ತೇನೆ.