ದಾವಣಗೆರೆಗಿಂತ ಹತ್ತಿರದ ದೆಹಲಿ

ನಮ್ಮಣ್ಣನ ಲೆಕ್ಕದಲ್ಲಿ ಬೆಂಗಳೂರಿಗೆ ದಾವಣಗೆರೆಗಿಂತ ದೆಹಲಿಯೇ ಹತ್ತಿರ. ನಗಬೇಡಿ! ದಾವಣಗೆರೆಗೆ ಬಸ್ಸಿನಲ್ಲಿ ಆರು ಗಂಟೆ, ದೆಹಲಿಗೆ ವಿಮಾನದಲ್ಲಿ ಎರಡೂವರೆ. ಯಾವುದು ಹತ್ತಿರ, ನೀವೇ ಹೇಳಿ!

ಹಾಗಂತ ಅವನು ವಿಮಾನ ಹತ್ತಿದವನೇ? ಎಲ್ಲಿ ಬಂತು! ತೊಂಬತ್ತರ ದಶಕದಲ್ಲಿ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ. ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ವರ್ನಿಯರ್ ಸದಾ ಜೇಬಿನಲ್ಲಿ. ಅದನ್ನೇ ಮಗಳ ಶಾಲೆಯ ಕಾಲದ ಭೂಪಟದ ಮೇಲಿಟ್ಟು ಊರಿಂದೂರಿಗೆ ವಿಮಾನದ ದಾರಿ ಅಳೆಯುತ್ತಿದ್ದ. ಒಂದು ದಿನ ದೆಹಲಿ ಇದ್ದಕ್ಕಿದ್ದಂತೆ ಇನ್ನೂರು ಕಿಲೋಮೀಟರ್ ಹತ್ತಿರ ಬಂದುಬಿಟ್ಟಿತು! ಅಣ್ಣ ಹಿಗ್ಗಿ ಹೀರೇಕಾಯಿ. ಮಗಳು ಬಗ್ಗಿ ನೋಡಿ, "ಅಪ್ಪಾ, ನಾಗಪುರ ಮಡಿಕೇಲಿ ಸಿಕ್ಕಾಕ್ಕೊಂಡಿದೆ, ಬಿಡಿಸಿ!" ಎಂದಳು.

ಒಮ್ಮೆ ಬಸ್ ಸ್ಟಾಪಿನಲ್ಲಿ ಅಪರಿಚಿತರೊಬ್ಬರು ಅಣ್ಣನನ್ನು ಕೇಳಿದರು: "ಸಾರ್, ಮಾದನಾಯಕನಹಳ್ಳಿ ಎಷ್ಟು ದೂರ?"

"ವಿಮಾನದಲ್ಲೋ, ಬಸ್ಸಲ್ಲೋ?"

ಆತ ಕಕ್ಕಾಬಿಕ್ಕಿ. "ವಿಮಾನದಲ್ಲಾದ್ರೆ?"

"ಬೆಲ್ಟ್ ಹಾಕ್ಕೊಳ್ಳೋ ಅಷ್ಟರಲ್ಲಿ ದಾಟೋಗಿರ್ತೀರಿ."

"ಬಸ್ಸಲ್ಲಿ?"

"ಮೊದ್ಲು ಬಸ್ ಬರ್ಲಿ ಸಾರ್, ಆಮೇಲೆ ಹೇಳ್ತೀನಿ!"

ಇಂಥವನ ಒಬ್ಬಳೇ ಮಗಳಿಗೆ ಎರಡು ಸಂಬಂಧ ಬಂದವು. ಒಂದು ದಾವಣಗೆರೆಯದು, ಇನ್ನೊಂದು ದೆಹಲಿಯದು; ಎರಡೂ ಕಡೆಯ ಮಾತುಕತೆ ನನ್ನ ಪಾಲಿಗೆ. ಹುಡುಗಿಗೆ ದೆಹಲಿಯ ಹುಡುಗ ಹಿಡಿಸಿದ್ದ. ಅತ್ತಿಗೆಗೆ ಮಾತ್ರ, ಅಷ್ಟು ದೂರ ಹೇಗೆ ಕೊಡುವುದು ಎಂಬ ಸಂಕಟ. ಅಣ್ಣ ಅಬ್ಬರಿಸಿದ: "ದೂರ ಎಲ್ಲಿದ್ಯೇ? ಇಲ್ಲಿ ತಿಂಡಿ ತಿಂದು ಹೊರಟ್ರೆ ಅಳಿಯನ ಮನೇಲಿ ಊಟ!"

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅದೆಲ್ಲ ಸರಿ ಅಣ್ಣ, ಪೀಣ್ಯದಿಂದ ಏರ್‌ಪೋರ್ಟಿಗೆ ಯಾವ ವಿಮಾನ?" ಎಂದುಬಿಟ್ಟೆ. ಆಗ ಏರ್‌ಪೋರ್ಟ್ ಊರಿನ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಮನೆಯವರೆಲ್ಲ ಬಿದ್ದುಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ಈ ವಯಸ್ಸಿನಲ್ಲಿ ಮುಚ್ಚಿಡುವುದೇನು, ಆ ನಗು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅಣ್ಣ ನಗಲಿಲ್ಲ. "ದೆಹಲಿಯವ್ರಿಗೆ ಈಗ್ಲೇ ಏನೂ ಹೇಳ್ಬೇಡ ಕಣೋ" ಎಂದವನೇ ಸ್ಕೂಟರ್ ಹತ್ತಿ ಹೊರಟುಹೋದ.

ಸಂಜೆ ಬಂದ. ತಲೆಯಿಂದ ಕಾಲಿನವರೆಗೆ ಧೂಳು.

"ಎಲ್ಲಿ ಹೋಗಿದ್ದೆ ಅಣ್ಣ?"

"ಏರ್‌ಪೋರ್ಟಿಗೆ. ಹೋಗೋಕೇ ಎರಡು ಗಂಟೆ ಆಯ್ತು. ಒಂದು ಗಂಟೆ ಮುಂಚೆ ಅಲ್ಲಿರ್ಬೇಕಂತೆ. ಆಮೇಲೆ ವಿಮಾನ, ಇಳಿದ್ಮೇಲೆ ಅವ್ರ ಮನೆ..." ಲೆಕ್ಕ ಅಲ್ಲಿಗೇ ಬಿಟ್ಟ. "ಅವ್ಳಿಗೆ ಅಲ್ಲೇನಾದ್ರೂ ಅಳು ಬಂದ್ರೆ, ನಾನು ಹೋಗಿ ಸೇರೋವರ್ಗೂ ಅಳ್ತಾನೇ ಕೂತಿರ್ಬೇಕಲ್ಲೋ?"

ಭೂಪಟ, ವರ್ನಿಯರ್, ವಿಮಾನ, ಎಲ್ಲವೂ ಯಾರಿಗಾಗಿ ಎಂದು ನನಗೆ ಆಗ ತಿಳಿಯಿತು.

ಬಾಗಿಲಲ್ಲಿ ನಿಂತಿದ್ದ ಮಗಳು ಬಂದು ಅವನ ಪಕ್ಕ ಕೂತಳು. "ನೀವು ಹೊರಟ್ರಿ ಅಂತ ಫೋನ್ ಮಾಡ್ಸಿ ಸಾಕಪ್ಪ. ಆಗ್ಲೇ ಅಳು ನಿಲ್ಲಿಸ್ತೀನಿ."

ಅಣ್ಣ ಮೈಮೇಲಿನ ಧೂಳು ಕೊಡವಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಹೂಂ ಅಂದ್ಬಿಡೋ, ದೆಹಲಿಯವ್ರಿಗೆ."