ಹೊಟ್ಟೆ ಖಾಲಿ ಮಾಡಿಸುವ ಮೆಸೇಜು

ನಗುವಂಥದ್ದು ಏನಾದರೂ ನಡೆಯದೆ ನಮ್ಮ ನರ್ಸಿಂಗ್ ಹೋಮಿನಲ್ಲಿ ಒಂದು ವಾರವೂ ಕಳೆಯುವುದಿಲ್ಲ, ಅದರಲ್ಲೂ ನನ್ನ ಕೋಣೆಯಲ್ಲಿ. ನಾನು ವಿಜಯನಗರದಲ್ಲಿ ಕರುಳಿನ ಡಾಕ್ಟರು. ಕ್ಯಾಮೆರಾ ಇರುವ ಸಣ್ಣ ಪೈಪನ್ನು ಹಿಂದಿನಿಂದ ತೂರಿಸಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ನನ್ನ ಕೆಲಸ. ಇದಕ್ಕೆ ಹಿಂದಿನ ದಿನವೇ ಊಟ ಬಿಟ್ಟು, ಭೇದಿಯ ಔಷಧಿ ಕುಡಿದು ಕರುಳನ್ನು ತೊಳೆದುಕೊಂಡು ಬರಬೇಕು. ಎಷ್ಟು ಬಿಡಿಸಿ ಹೇಳಿದರೂ ಜನ ತಲೆಯಾಡಿಸಿ, ಗೇಟು ದಾಟುವಷ್ಟರಲ್ಲಿ ಮರೆತುಬಿಡುತ್ತಿದ್ದರು.

ಎಲ್ಲರ ಕೈಗೂ ಮೊಬೈಲ್ ಬಂದ ಕಾಲ ಅದು. ಏನು ತಿನ್ನಬಾರದು, ಔಷಧಿ ಯಾವಾಗ ಕುಡಿಯಬೇಕು ಅಂತ ಮೆಸೇಜು ಕಳಿಸಿಯೇ ಎಲ್ಲರನ್ನೂ ದಾರಿಗೆ ತರುತ್ತೇನೆ ಅಂತ ನಾನು ಹೊರಟೆ. ಫೋನಿನಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆ. ಹೆಚ್ಚಿನವರ ಕರುಳು ತೊಳೆದಿಟ್ಟ ಲೋಟದ ಹಾಗೆ ಬರತೊಡಗಿತು. ಇದು ಉಳಿದವರ ಕಥೆ.

ಕಾಳು, ಕಾಲು

ಮಾರೇನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಒಬ್ಬರಿಗೆ ‘kaalu, soppu, tarakari beda’ ಅಂತ ಕಳಿಸಿದ್ದೆ. ಅವರೆಕಾಯಿ ಕಾಲ. ಮಾರನೆಯ ದಿನ ಕ್ಯಾಮೆರಾ ಒಳಗೆ ಹೋಗಿದ್ದೇ ತಡ, ಪರದೆಯ ತುಂಬ ಅವರೆಕಾಳಿನ ಸಿಪ್ಪೆ. ಮೆಸೇಜು ಓದಲಿಲ್ಲವಾ ಅಂತ ಕೇಳಿದೆ.

“ಓದಿದ್ನಲ್ಲ ಮೇಡಂ, ಕಾಲು ಬೇಡ ಅಂತಿತ್ತು. ಮನೇಲಿ ಘಮ್ಮಂತ ಕಾಲು ಸೂಪು ಮಾಡಿದ್ರು, ಮುಟ್ಟಲಿಲ್ಲ. ಅವರೆಕಾಳು ಸಾರಲ್ಲೇ ಮುದ್ದೆ ಉಂಡು ಮಲಗಿಬಿಟ್ಟೆ.”

ಮುಂದಿನ ವಾರದಿಂದ ಸಂಶಯಕ್ಕೆ ಎಡೆಯೇ ಇರಬಾರದು ಅಂತ ‘avarekaalu beda’ ಅಂತಲೇ ಬಿಡಿಸಿ ಬರೆದೆ. ಅದನ್ನು ಓದಿದ ಮೊದಲ ಪೇಷೆಂಟು ಸಂಜೆಯೇ ಫೋನು ಮಾಡಿ, ಹಾಗಾದರೆ ಹೆಸರುಕಾಳು ತಿನ್ನಬಹುದಾ ಅಂತ ಕೇಳಿದರು.

ಉಪವಾಸ

ಒಂದೊಂದೇ ತಿಂಡಿಯ ಹೆಸರು ಬರೆಯುವುದೇ ಬೇಡ ಅನ್ನಿಸಿ, ‘upavasa iri’ ಅಂತ ಎರಡೇ ಮಾತಿಗೆ ಇಳಿಸಿದೆ. ಬಸವೇಶ್ವರನಗರದಲ್ಲಿ ಮಗಳ ಮನೆಯಲ್ಲಿದ್ದ, ಧಾರವಾಡ ಕಡೆಯ ಅಮ್ಮನೊಬ್ಬರಿಗೆ ಅದನ್ನು ಕಳಿಸಿದೆ. ಹಣೆಯ ತುಂಬ ವಿಭೂತಿ, ಬಹಳ ನೇಮದವರು. ಬೆಳಿಗ್ಗೆ ಬಂದವರೇ ನನಗೇ ಧೈರ್ಯ ಹೇಳಿದರು. ಉಪವಾಸ ಅವರಿಗೇನೂ ಹೊಸದಲ್ಲವಂತೆ, ಪ್ರತಿ ಸೋಮವಾರ ಮಾಡುತ್ತಾರಂತೆ.

ಕ್ಯಾಮೆರಾ ಒಂದು ಗೇಣೂ ಮುಂದೆ ಹೋಗಲಿಲ್ಲ. ಎಲ್ಲಿ ನೋಡಿದರೂ ಶೇಂಗಾ. ಏನು ತಿಂದಿರಿ ಅಂತ ಕೇಳಿದ್ದಕ್ಕೆ ಅವರು ನಿಧಾನವಾಗಿ ನೆನಪು ಮಾಡಿಕೊಂಡರು. ಬೆಳಿಗ್ಗೆ ಸಾಬೂದಾನಿ ಖಿಚಡಿ, ಮಧ್ಯಾಹ್ನ ಬಾಳೆಹಣ್ಣು, ಹಾಲು, ಸಂಜೆಗೆ ಶೇಂಗಾ ಉಂಡಿ.

“ಅನ್ನ ಮಾತ್ರ ಮುಟ್ಟಿಲ್ರೀ ಡಾಕ್ಟರ. ಉಪವಾಸದಾಗ ಯಾರರ ಅನ್ನ ಉಣತಾರೇನು?”

ಪಕ್ಕದಲ್ಲಿ ನಿಂತಿದ್ದ ನಮ್ಮ ಸಿಸ್ಟರ್ ಕೈಗವಸು ತೆಗೆಯುತ್ತಾ, “ಮೇಡಂ, ಇದು ಉಪವಾಸ ಅನ್ನೋದಾದ್ರೆ ನಾಳೆಯಿಂದ ನಾನೂ ಇರ್ತೀನಿ” ಅಂದರು.

ಈಗ ಕುಡಿಯಿರಿ

ಕೆಂಗೇರಿಯ ಕಾಲೇಜು ಮೇಷ್ಟ್ರೊಬ್ಬರು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುವವರು. ಮೆಸೇಜು ಯಾವಾಗ ಬರುತ್ತದೋ ಅಂತ ಔಷಧಿ ಕಲಸಿದ ಬಾಟಲಿಗಳನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ನಾನು ‘bhedi aushadhi eega kudiyiri’ ಅಂತ ಕಳಿಸಿದಾಗ ಅವರು ಬಸ್ಸಿನಲ್ಲಿದ್ದರು. ಈಗ ಅಂದರೆ ಈಗ. ಕಿಟಕಿ ಪಕ್ಕದ ಸೀಟಿನಲ್ಲೇ ಒಂದು ಬಾಟಲಿ ಮುಗಿಸಿದರು.

ಟ್ರಾಫಿಕ್ಕಿನಲ್ಲಿ ಬಸ್ಸು ತೆವಳಿತು. ಔಷಧಿ ತೆವಳಲಿಲ್ಲ. ಮೂಡಲಪಾಳ್ಯ ಬರುವಷ್ಟರಲ್ಲಿ ಬೆವೆತುಹೋಗಿದ್ದ ಮೇಷ್ಟ್ರು ಇಳಿದು, ಕಣ್ಣಿಗೆ ಬಿದ್ದ ಮೊದಲ ಮನೆಯ ಬೆಲ್ಲು ಒತ್ತಿದರು. ಬಾಗಿಲು ತೆಗೆದ ಆಂಟಿ ಅವರ ಬ್ಯಾಗು ನೋಡಿ, ನಮಗೇನೂ ಬೇಡ, ಸೋಪಿನ ಪುಡಿ ಮೊನ್ನೆಯೇ ತಗೊಂಡಿದ್ದೀವಿ ಅಂದರಂತೆ. ಬಾಯಿಬಿಟ್ಟು ಹೇಳಲು ಮೇಷ್ಟ್ರಿಗೆ ನಾಚಿಕೆ. ಸುಮ್ಮನೆ ಫೋನು ಮುಂದೆ ಹಿಡಿದರು. ಆಂಟಿ ಮೆಸೇಜು ಓದಿದರು, ಅವರ ಮುಖ ನೋಡಿದರು, ಬದಿಗೆ ಸರಿದು ದಾರಿ ತೋರಿಸಿದರು.

ಮಾರನೆಯ ದಿನ ಕರುಳು ಅಂದರೆ ಕರುಳು, ಪಳಪಳ ಹೊಳೆಯುತ್ತಿತ್ತು. ಮೆಚ್ಚಿಕೊಂಡೆ. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರಿಂದ ಅವರನ್ನು ಒಬ್ಬರೇ ಕಳಿಸುವಂತಿರಲಿಲ್ಲ. ಜೊತೆಗೆ ಯಾರು ಬಂದಿದ್ದಾರೆ ಅಂತ ವಿಚಾರಿಸಿದೆ.

“ಆ ಮನೆ ಯಜಮಾನ್ರೇ ಬಂದಿದಾರೆ ಮೇಡಂ. ಉಳಿದ ಬಾಟಲಿಗಳನ್ನೂ ಅಲ್ಲೇ ಮುಗಿಸಿದೆ. ವಾಪಸ್ ಬಸ್ ಹತ್ತೋ ಧೈರ್ಯ ಬರಲಿಲ್ಲ.”

ಯಾರ ಪಾಲಿನದು

ರಾಜಾಜಿನಗರದ ದಂಪತಿ. ಯಜಮಾನರು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ಹೊಟ್ಟೆನೋವು ಇದ್ದದ್ದು ಹೆಂಡತಿಗೆ. ಅವರಿಗೆ ಕೊಲೊನೋಸ್ಕೋಪಿ ಅಂತ ನಿಗದಿಮಾಡಿ, ಔಷಧಿ ಕೊಟ್ಟು, ಮೆಸೇಜು ಬಂದ ಹಾಗೆ ಮಾಡಿ ಅಂತ ಹೇಳಿ ಕಳಿಸಿದೆ. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು, ಅದು ಯಜಮಾನರ ಜೇಬಿನಲ್ಲಿ.

ಗೊತ್ತುಮಾಡಿದ ದಿನ ಬೆಳಿಗ್ಗೆ ಇಬ್ಬರೂ ಬಂದರು. ಹೆಂಡತಿ ಗೆಲುವಾಗಿದ್ದರು. ಗಂಡನ ಕೆನ್ನೆ ಒಳಗೆ ಹೋಗಿತ್ತು, ನಡಿಗೆಯಲ್ಲಿ ಕಸುವಿರಲಿಲ್ಲ. ಏನಾದರೂ ತಿಂದಿದ್ದೀರಾ ಅಂತ ಹೆಂಡತಿಯನ್ನು ಕೇಳಿದರೆ ಅಕ್ಕಿರೊಟ್ಟಿ ತಿಂದು ಬಂದೆ ಅಂದರು. ಮೆಸೇಜೇ ಬರಲಿಲ್ಲವಲ್ಲ, ಟೆಸ್ಟು ಮುಂದಕ್ಕೆ ಹೋಯಿತು ಅಂದುಕೊಂಡರಂತೆ. ನಿನ್ನೆಯಿಂದ ಇವರಿಗೆ ಹೊಟ್ಟೆ ಕೆಟ್ಟಿದೆ, ಅದಕ್ಕೇ ಕರೆದುಕೊಂಡು ಬಂದೆ ಅಂತ ಗಂಡನನ್ನು ತೋರಿಸಿದರು.

ಔಷಧಿ ಎಲ್ಲಿ ಹೋಯಿತು ಅಂತ ಯಜಮಾನರನ್ನು ಕೇಳಿದೆ. ಅವರು ಹೆಂಡತಿಯ ಕಡೆ ನೋಡದೆ ತಗ್ಗಿದ ದನಿಯಲ್ಲಿ ಹೇಳಿದರು.

“ನಾನೇ ಕುಡಿದೆ ಮೇಡಂ. ನನ್ನ ಫೋನಿಗೆ ನೀವು ಕುಡಿಯಿರಿ ಅಂತ ಬಂತು. ನನಗೂ ಕೆಲವು ತಿಂಗಳಿಂದ ರಕ್ತ ಹೋಗ್ತಿದೆ. ಮೂಲವ್ಯಾಧಿ ಇರ್ಬೇಕು ಅಂತ ಇವಳಿಗೂ ಹೇಳಿರಲಿಲ್ಲ. ಅವತ್ತು ನನ್ನ ಮುಖ ನೋಡಿಯೇ ನೀವು ಕಂಡುಹಿಡಿದ್ರಿ, ಗುಟ್ಟಾಗಿ ನನಗೇ ಕಳಿಸಿದ್ರಿ ಅಂದ್ಕೊಂಡೆ.”

ಹೆಂಡತಿಯ ಮುಖದಲ್ಲಿದ್ದ ನಗು ಹೋಯಿತು. ನಾನು ಯಜಮಾನರನ್ನು ಪರೀಕ್ಷೆ ಮಾಡಿ, ಅವರ ಒಪ್ಪಿಗೆ ತೆಗೆದುಕೊಂಡು, ಆ ದಿನದ ಜಾಗವನ್ನು ಅವರಿಗೇ ಕೊಟ್ಟೆ. ಕರುಳಿನ ಗೋಡೆಯಲ್ಲಿ ಅಣಬೆಯ ಹಾಗೆ ಎದ್ದ ಒಂದು ಗಂಟು ಸಿಕ್ಕಿತು. ಬಿಟ್ಟಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯದು. ಅಲ್ಲೇ ಕತ್ತರಿಸಿ ತೆಗೆದೆ. ಲ್ಯಾಬಿನಿಂದಲೂ ಒಳ್ಳೆಯ ಸುದ್ದಿಯೇ ಬಂತು. ಇನ್ನೊಂದು ದಿನ ಹೆಂಡತಿಗೂ ಟೆಸ್ಟು ಮಾಡಿದೆ, ಅವರ ಕರುಳಿನಲ್ಲಿ ಏನೂ ಇರಲಿಲ್ಲ.

ಅವರಿಬ್ಬರೂ ಹೊರಡುವಾಗ ಸಿಸ್ಟರ್ ತಡೆಯಲಾರದೆ ಕೇಳಿಯೇಬಿಟ್ಟರು, ನಿಮಗೆ ಅಂತ ಕೊಟ್ಟ ಔಷಧಿಯನ್ನು ಯಜಮಾನರು ಲೋಟಗಟ್ಟಲೆ ಕುಡಿಯುವಾಗ ನಿಮಗೆ ಅನುಮಾನವೇ ಬರಲಿಲ್ಲವಾ ಅಂತ.

ಆಕೆ ಸೆರಗು ಸರಿಮಾಡಿಕೊಂಡು, ಬಹಳ ಶಾಂತವಾಗಿ ಹೇಳಿದರು: “ಮದುವೆಯಾದಾಗಿನಿಂದ ನನ್ನ ಪಾಲಿಗೆ ಅಂತ ಎತ್ತಿಟ್ಟಿದ್ದನ್ನೆಲ್ಲ ಇವರೇ ಮುಗಿಸ್ತಾ ಬಂದಿದಾರೆ ಸಿಸ್ಟರ್. ಇದೊಂದನ್ನ ಬಿಡ್ತಾರಾ?”